ಬಹುವಚನ: ಕಿವಿಗೂ ಕೆಲಸ ಕೊಡಿ



ಇಂಗ್ಲಿಷ್ ನಾಮಪದಕ್ಕೆ ಎಸ್ ಸೇರಿಸಿದರೆ ಸಾಮಾನ್ಯವಾಗಿ ಬಹುವಚನವಾಗುತ್ತದೆ: ಬುಕ್, ಬುಕ್ಸ್. ಆದರೆ ಬಸ್, ಡಿಶ್, ಬೆಂಚ್ ಪದಗಳಿಗೆ ಇ-ಎಸ್ ಏಕೆ? ಗಟ್ಟಿಯಾಗಿ ಉಚ್ಚರಿಸಿ ನೋಡಿ. 'ಸ್', 'ಶ್', 'ಚ್' ಧ್ವನಿಗಳ ಬೆನ್ನಿಗೇ ಇನ್ನೊಂದು 'ಸ್' ಬಂದರೆ ಅದು ಸ್ಪಷ್ಟವಾಗಿ ಕೇಳಿಸದು. ನಡುವೆ ಒಂದು ಸ್ವರ ಬೇಕು. ಇ ಅಕ್ಷರ ಅದನ್ನು ಸೂಚಿಸುತ್ತದೆ.

ಸಿ-ಎಚ್ ಬಂದಲ್ಲೆಲ್ಲ ಇ-ಎಸ್ ಎಂದು ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಸ್ಟಮಕ್ ಪದದ ಬಳಿ ಎಡವುತ್ತಾರೆ. ಅಲ್ಲಿ ಸಿ-ಎಚ್‌ಗೆ 'ಕ್' ಧ್ವನಿ. ಆದ್ದರಿಂದ ಎಸ್ ಮಾತ್ರ ಸಾಕು. ಮೊನಾರ್ಕ್ ಪದಕ್ಕೂ ಹಾಗೆಯೇ.

ವೈ ವಿಷಯದಲ್ಲಿ ಕಣ್ಣು ಬೇಕು. ಅದರ ಹಿಂದೆ ವ್ಯಂಜನವಿದ್ದರೆ ವೈ ಹೋಗಿ ಐ-ಇ-ಎಸ್ ಬರುತ್ತದೆ: ಸಿಟಿ, ಬೇಬಿ. ಸ್ವರವಿದ್ದರೆ ಸಾಮಾನ್ಯವಾಗಿ ಎಸ್ ಅಷ್ಟೇ: ಬಾಯ್, ಕೀ.

ಇನ್ನು ಕೆಲವಕ್ಕೆ ನಿಘಂಟೇ ಗತಿ. ಪೊಟೇಟೊಗೆ ಇ-ಎಸ್, ಫೋಟೊಗೆ ಬರೀ ಎಸ್. ಲೀಫ್ 'ಲೀವ್ಸ್' ಆದರೆ ರೂಫ್ 'ರೂಫ್ಸ್'.

ಕನ್ನಡ ಮಾಧ್ಯಮದವರು ಅಂಜಬೇಕಿಲ್ಲ. ಮರಗಳು, ಹುಡುಗರು, ಅಣ್ಣಂದಿರು ಎಂದು ಸರಿಯಾದ ಪ್ರತ್ಯಯವನ್ನು ನೀವು ಪಟ್ಟಿ ನೋಡಿ ಕಲಿಯಲಿಲ್ಲ. ಕೇಳಿ, ಆಡಿ ಕಲಿತಿರಿ. ಇಂಗ್ಲಿಷ್ ಪಾಠವನ್ನೂ ದಿನಕ್ಕೆ ಒಂದು ಪುಟ ಗಟ್ಟಿಯಾಗಿ ಓದಿ.