ಆಂಬ್ಯುಲೆನ್ಸ್‌ಗೆ ಸವಕಳಿ ಲೆಕ್ಕ ಇದೆ, ಒಳಗೆ ದುಡಿಯೋರಿಗೆ?

108ಕ್ಕೆ ಕಾಲ್ ಮಾಡಿದ ಮೇಲೆ ನಾವೆಲ್ಲ ಕೇಳೋದು ಒಂದೇ ಪ್ರಶ್ನೆ: "ಎಲ್ಲಿದ್ದೀರಾ, ಇನ್ನೆಷ್ಟು ಹೊತ್ತು?" ಇವತ್ತು ಆ ಗಾಡಿಯಲ್ಲಿ ಬರೋ ಇಬ್ಬರ ಬಗ್ಗೆ ಮಾತಾಡೋಣ. ಗಾಡಿ ಓಡಿಸೋರನ್ನ ಪೈಲಟ್ ಅಂತಾರೆ. ಹಿಂದೆ ರೋಗಿ ಪಕ್ಕ ಇರೋರು ಇಎಂಟಿ, ಅಂದ್ರೆ ತುರ್ತು ವೈದ್ಯಕೀಯ ತಂತ್ರಜ್ಞರು. ಕರ್ನಾಟಕದಲ್ಲಿ 'ಆರೋಗ್ಯ ಕವಚ' ಹೆಸರಲ್ಲಿ ಈ ಸೇವೆ ಶುರುವಾಗಿದ್ದು 2008ರ ನವೆಂಬರ್‌ನಲ್ಲಿ.

ಮೊದಲು ಮೈಗೆ ಆಗೋ ಅಪಾಯ ನೋಡಿ. ಲಿಫ್ಟ್ ಇಲ್ಲದ ಮೂರನೇ ಮಹಡಿಯಿಂದ ರೋಗಿಯನ್ನ ಇಳಿಸಿದರೆ ಹೊರೆ ಬೀಳೋದು ಇವರ ಸೊಂಟದ ಮೇಲೆ. ರೋಗಿಯ ಹೃದಯ ನಿಂತಾಗ ಇಎಂಟಿ ಸೀಟ್ ಬೆಲ್ಟ್ ಹಾಕಿಕೊಂಡು ಕೂರೋಕಾಗಲ್ಲ. ಹಂಪ್‌ಗಳ ಮೇಲೆ ಓಡೋ ಗಾಡಿಯಲ್ಲಿ ಎದ್ದು ನಿಂತೇ ಎದೆ ಒತ್ತಬೇಕು. ಅದೇ ಕುಲುಕಾಟದಲ್ಲಿ ಡ್ರಿಪ್ ಹಾಕುವಾಗ ಸೂಜಿ ತಮ್ಮ ಕೈಗೇ ಚುಚ್ಚಬಹುದು. ಎಚ್‌ಐವಿ ಇರುವವರ ರಕ್ತ ಅಂಟಿದ ಸೂಜಿ ಚುಚ್ಚಿದರೆ ಸೋಂಕಿನ ಸಾಧ್ಯತೆ ಸುಮಾರು 1000ಕ್ಕೆ 3. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಅಪಾಯ ಇದಕ್ಕಿಂತ ಎಷ್ಟೋ ಜಾಸ್ತಿ. ಎಚ್‌ಐವಿ ತಡೆಯೋ ಮಾತ್ರೆಯನ್ನ 72 ಗಂಟೆಯೊಳಗೆ, ಆದಷ್ಟು ಬೇಗ ಶುರು ಮಾಡಿ 28 ದಿನ ತಗೋಬೇಕು. ಆದರೆ ಸೂಜಿ ಚುಚ್ಚಿದಾಗ ಪಾಳಿ ಮುಗಿದಿರಲ್ಲ, ಇನ್ನೊಂದು ಕಾಲ್ ಬಂದಿರುತ್ತೆ. "ಆಮೇಲೆ ನೋಡ್ಕೊಳ್ಳೋಣ" ಅಂತ ಬಿಡೋ ಅಪಾಯ ಇಲ್ಲೇ ಇರೋದು.

ಇನ್ನು ಮನಸ್ಸಿನ ವಿಷಯ. ಬೈಕ್ ಅಪಘಾತ, ವಿಷ ಕುಡಿದ ಕೇಸ್, ಗಾಡಿಯಲ್ಲೇ ಹೆರಿಗೆ, ಮೂರೂ ಒಂದೇ ದಿನ ಬರಬಹುದು. ಕ್ಯಾಶುವಾಲ್ಟಿಗೆ ಒಪ್ಪಿಸಿದ ಮೇಲೆ ಆ ಜೀವ ಉಳೀತಾ ಅಂತ ಎಷ್ಟೋ ಸಲ ಗೊತ್ತೇ ಆಗಲ್ಲ. ರಕ್ತ ಒರೆಸಿ, ಗಾಡಿ ಸಜ್ಜು ಮಾಡಿ ಮುಂದಿನ ಕೇಸಿಗೆ ಹೊರಡಬೇಕು. ಹೋದ ಕಡೆ "ಯಾಕ್ರೀ ಇಷ್ಟು ಲೇಟು?" ಅನ್ನೋ ಬೈಗುಳ, ಕೆಲವೊಮ್ಮೆ ಏಟು ಕೂಡ. ವೈದ್ಯಕೀಯ ಸಿಬ್ಬಂದಿ ಮೇಲೆ ಹಲ್ಲೆ ತಡೆಯೋಕೆ ನಮ್ಮ ರಾಜ್ಯ 2009ರಲ್ಲೇ ಕಾಯ್ದೆ ತಂದಿದೆ. ಆದರೆ ರಾತ್ರಿ ಎರಡು ಗಂಟೆಗೆ ಗುಂಪಿನ ನಡುವೆ ನಿಂತವರ ಜೊತೆ ಆ ಕಾಯ್ದೆ ನಿಂತಿರಲ್ಲ.

ಇದಕ್ಕೆ ನಾವು ಸುಲಭವಾಗಿ ಹೇಳೋ ಪರಿಹಾರ ಯೋಗ, ಧ್ಯಾನ. ಅವು ಬೇಡ ಅಂತಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 'ಬರ್ನ್‌ಔಟ್' ಅನ್ನೋದನ್ನ ಕಾಯಿಲೆ ಅಂತ ಕರೀಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಕರೀತು. ಅಂದ್ರೆ ಸರಿಪಡಿಸಬೇಕಾದ್ದು ಬರೀ ಮನುಷ್ಯನನ್ನಲ್ಲ, ಕೆಲಸವನ್ನ.

ನಾನು ಓದಿದ್ದು ಬಿಕಾಂ, ಹಾಗಾಗಿ ಒಂದು ಲೆಕ್ಕ ಹಾಕ್ತೀನಿ. ಈ ಕೆಲಸದಲ್ಲಿ ಬಹುಕಾಲದಿಂದ ನಡೆದು ಬಂದಿದ್ದು 12 ಗಂಟೆ ಪಾಳಿ. ತಿಂಗಳಿಗೆ 26 ದಿನ ಅಂದ್ಕೊಳ್ಳಿ, 312 ಗಂಟೆ ಆಯ್ತು. ದಿನಕ್ಕೆ 8 ಗಂಟೆ ಆಗಿದ್ದರೆ 208. ವ್ಯತ್ಯಾಸ 104 ಗಂಟೆ, ಅಂದ್ರೆ 13 ದಿನದ ಕೆಲಸ! ಕಾರ್ಖಾನೆ ಕೆಲಸಗಾರರಿಗೆ ವಾರಕ್ಕೆ 48 ಗಂಟೆ ಮಿತಿ, ಅದಕ್ಕೂ ಮೀರಿ ದುಡಿದರೆ ಎರಡು ಪಟ್ಟು ಕೂಲಿ ಅಂತ 1948ರಲ್ಲೇ ಕಾಯ್ದೆ ಬಂದಿತ್ತು.

ಅಕೌಂಟ್ಸ್‌ನಲ್ಲಿ ಗಾಡಿಗೆ ವರ್ಷ ವರ್ಷ ಸವಕಳಿ ಬರೀತೀವಿ, ಬಳಸಿದಷ್ಟೂ ಸವೆಯುತ್ತೆ ಅಂತ ಒಪ್ಕೊಂಡು. ಒಳಗೆ ದುಡಿಯೋರೂ ಸವೆಯುತ್ತಾರೆ, ಅದು ಯಾವ ಪುಸ್ತಕದಲ್ಲೂ ಬರಲ್ಲ. ಬರಬೇಕಾದ್ದು ದೊಡ್ಡದೇನಲ್ಲ: 8 ಗಂಟೆ ಪಾಳಿ, ಎಲ್ಲರಿಗೂ ಹೆಪಟೈಟಿಸ್ ಬಿ ಲಸಿಕೆ, ಸೂಜಿ ಚುಚ್ಚಿದ ತಕ್ಷಣ ಡ್ಯೂಟಿಯಿಂದ ಬಿಡುವು, ಕೆಟ್ಟ ಕೇಸ್ ಆದ ಮೇಲೆ ಅರ್ಧ ಗಂಟೆ ಗಾಡಿ ನಿಲ್ಲಿಸೋ ಹಕ್ಕು. ಇದಕ್ಕೆ ಗಾಡಿಗಳೂ ಜನರೂ ಹೆಚ್ಚು ಬೇಕು, ಖರ್ಚಾಗುತ್ತೆ. ಆ ಖರ್ಚನ್ನ ಈಗ ಅವರು ತಮ್ಮ ಮೈ ಮನಸ್ಸಿನಿಂದ ಕಟ್ಟುತ್ತಿದ್ದಾರೆ ಅಷ್ಟೇ.

ಇದನ್ನ ಕೇಳ್ತಿರೋ ಪೈಲಟ್‌ಗಳೇ, ಇಎಂಟಿಗಳೇ, ನಿದ್ದೆ ಬರ್ತಿಲ್ಲ, ಕಂಡಿದ್ದೇ ಕಣ್ಣ ಮುಂದೆ ಬರ್ತಿದೆ ಅಂದ್ರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು. ಉಳಿದವರು 108ಕ್ಕೆ ಕಾಲ್ ಮಾಡಿದಾಗ ಒಂದು ಗುರುತು ಹೇಳಿ, ಒಬ್ಬರನ್ನ ರಸ್ತೆಗೆ ಕಳಿಸಿ, ಸ್ಟ್ರೆಚರ್‌ಗೆ ಕೈ ಕೊಡಿ. ಮೊಬೈಲ್ ಜೇಬಲ್ಲೇ ಇರಲಿ.

ಮುಂದಿನ ವಾರ ಸಿಗೋಣ.