ಹೊಳೆಯಾಚೆಯಿಂದ ಬಂದ ಪಾಠ

ಆನೆಗೊಂದಿಯ ಹಿರಿಯರೇ, ತಾಯಂದಿರೇ,

ಮೂರು ವರ್ಷವಾದರೂ ಮಗು ಮಾತಾಡದಿದ್ದರೆ 'ಅವರಪ್ಪನೂ ತಡವಾಗಿಯೇ ಮಾತಾಡಿದ' ಎನ್ನುತ್ತಾರೆ. ಆಮೇಲೆ ಹುಲಿಗೆಮ್ಮನಿಗೆ ಹರಕೆ. ಹರಕೆ ಧೈರ್ಯ ಕೊಡುತ್ತದೆ, ನಿಜ. ಆದರೆ ಕಾಯುತ್ತ ಕಳೆದ ವರ್ಷಗಳು ಮಗುವಿಗೆ ಮರಳಿ ಸಿಗುವುದಿಲ್ಲ.

ವೈದ್ಯರು 'ಬುದ್ಧಿಮಾಂದ್ಯ' ಅಥವಾ 'ಆಟಿಸಂ' ಎಂದ ದಿನ ಅಪವಾದ ಬರುವುದು ತಾಯಿಯ ಮೇಲೆ. ಇದು ಹಳ್ಳಿಯ ಅಜ್ಞಾನವಷ್ಟೇ ಅಲ್ಲ. 1943ರಲ್ಲಿ ಲಿಯೊ ಕ್ಯಾನರ್ ಅಮೆರಿಕದಲ್ಲಿ ಆಟಿಸಂ ಅನ್ನು ವಿವರಿಸಿದ ನಂತರ ಅಲ್ಲಿನ ಪಂಡಿತರೂ ತಾಯಿಯ ಮಮತೆ ಸಾಲದೆಂದು ದೂರಿದರು. ಸ್ವತಃ ಅಂಥ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲಿ ಅದನ್ನು ಖಂಡಿಸಿದರು. ಮೂಲವಿರುವುದು ಮಿದುಳಿನ ಬೆಳವಣಿಗೆಯಲ್ಲಿ ಎಂಬುದು ಇಂದು ಸ್ಥಿರಪಟ್ಟಿದೆ.

ಹೊಳೆಯಾಚೆ, ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್ 1985ರಿಂದ ಒಂದು ಪ್ರಯೋಗ ನಡೆಸಿತು. ಮಾನಸಿಕ ರೋಗ, ಮೂರ್ಛೆರೋಗ, ಬುದ್ಧಿಮಾಂದ್ಯಗಳನ್ನು ಗುರುತಿಸಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಕಲಿಸಿತು. ದೊಡ್ಡ ಊರಿಗೆ ಅಲೆಯುವುದು ತಪ್ಪಲಿ ಎಂಬುದೇ ಉದ್ದೇಶ. 1996ರಲ್ಲಿ ಆ ಮಾದರಿಯೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. 2013ರಲ್ಲಿ ಅಂಗನವಾಡಿ, ಶಾಲೆಗಳಲ್ಲೇ ಮಕ್ಕಳನ್ನು ತಪಾಸಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆಗಳಿದ್ದವು. 2016ರ ಕಾಯ್ದೆ ಆಟಿಸಂ ಸೇರಿ 21 ಬಗೆಗಳನ್ನು ಗುರುತಿಸಿತು.

ಇಷ್ಟಾದರೂ ಮನೆಯ ಕೆಲಸ ಮನೆಯವರದೇ. ಹೆಸರಿಟ್ಟು ಕರೆಯುವುದು, ತಟ್ಟೆ ಲೋಟ ತೋರಿಸಿ ಮಾತಾಡಿಸುವುದು, ಉಣ್ಣಲು, ಉಡಲು ಹಂತಹಂತವಾಗಿ ಕಲಿಸುವುದು ದಿನನಿತ್ಯದ ದುಡಿಮೆ. ಒಬ್ಬಳೇ ತಾಯಿ ಅದನ್ನು ಹೊರಲಾರಳು. ಗಂಗಾವತಿಯ ಆಸ್ಪತ್ರೆಗೆ ಹೋಗುವ ದಿನ ತಂದೆಯೂ ಜೊತೆಗೆ ಹೊರಡಲಿ. ವೈದ್ಯರು ಹೇಳಿದ್ದನ್ನು ಅತ್ತೆಯೂ ಕೇಳಿಸಿಕೊಳ್ಳಲಿ. ಓಣಿಯ ಮಕ್ಕಳು ಆ ಮಗುವನ್ನೂ ಆಟಕ್ಕೆ ಕರೆಯಲಿ.