ಮೇವಿನ ಹೊರೆಯಲ್ಲಿ ಕಂಡ ಜಪಾನು

ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಹುಟ್ಟಿ, ಈಗ ಪೇಟೆಯ ತೋಟಗಳ ಚಪ್ಪರಕ್ಕೂ ಏರಿರುವ ಒಂದು ಬಳ್ಳಿಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಚಪ್ಪರದಿಂದ ಕೆಳಕ್ಕೆ ಮೊಳದುದ್ದ ಜೋಲುವ ಗೊಂಚಲು. ಹಳದಿಯ ಹೂವು, ಬಾಯಂಚಿಗೆ ಕೆಂಗಂದು. ಮಕರಂದಕ್ಕೆಂದು ಬರುವ ಸೂರಕ್ಕಿಗಳ ಗಲಾಟೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಥನ್‌ಬರ್ಜಿಯ ಮೈಸೂರೆನ್ಸಿಸ್. ಹೆಸರಿನ ಎರಡನೆಯ ಭಾಗ ನಮ್ಮದು. ಅದನ್ನು ನಾನು ಕಾಲೇಜಿನಲ್ಲಿ ವರ್ಷವರ್ಷವೂ ಹೆಮ್ಮೆಯಿಂದ ಹೇಳುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಮೊದಲನೆಯ ಭಾಗ ಯಾರದು?" ಎಂದು ಕೇಳಿದ. "ಯಾರೋ ಒಬ್ಬ ಯೂರೋಪಿನ ವಿದ್ವಾಂಸ, ಕೂತುಕೋ" ಎಂದುಬಿಟ್ಟೆ. ಗೊತ್ತಿಲ್ಲವೆಂದು ಹೇಳುವಷ್ಟು ಧೈರ್ಯ ಆಗ ನನಗಿರಲಿಲ್ಲ. ಆ ಉತ್ತರದ ನಾಚಿಕೆ ಬಹುಕಾಲ ಉಳಿಯಿತು. ನಿವೃತ್ತನಾದ ಮೇಲೆ ಆ ಹೆಸರಿನ ಬೆನ್ನು ಹಿಡಿದು ಹೊರಟೆ. ನನಗೆ ಎದುರಾದವನು ಗಡ್ಡ ಬೆಳೆದ ವಿದ್ವಾಂಸನಲ್ಲ. ಸಣ್ಣದೊಂದು ವಿದ್ಯಾರ್ಥಿವೇತನವನ್ನು ನೆಚ್ಚಿ ಊರು ಬಿಟ್ಟ, ಪರದೇಶದಲ್ಲಿ ತಾನು ಯಾವ ದೇಶದವನೆಂಬುದನ್ನೇ ಮರೆಸಿಕೊಂಡು ಬಾಳಬೇಕಾದ ಒಬ್ಬ ಸ್ವೀಡಿಷ್ ತರುಣ. ಅವನ ದಿನಚರಿಯ ಕೆಲವು ಸಂಗತಿಗಳನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಕಾರ್ಲ್ ಪೀಟರ್ ಥುನ್‌ಬರ್ಗ್ ಹುಟ್ಟಿದ್ದು 1743ರಲ್ಲಿ. ಉಪ್ಸಲಾ ವಿಶ್ವವಿದ್ಯಾಲಯದಲ್ಲಿ ವೈದ್ಯವನ್ನೂ, ಲಿನ್ನೇಯಸ್ ಎಂಬ ಮಹಾಗುರುವಿನ ಬಳಿ ಸಸ್ಯಶಾಸ್ತ್ರವನ್ನೂ ಕಲಿತ. ಈ ಗುರುವಿಗೆ ಶಿಷ್ಯರನ್ನು ದೇಶದೇಶಕ್ಕೆ ಅಟ್ಟಿ ಅಲ್ಲಿನ ಗಿಡಗಳನ್ನು ತರಿಸುವ ಹಂಬಲ. ಹೋದವರಲ್ಲಿ ಎಲ್ಲರೂ ಹಿಂದಿರುಗಲಿಲ್ಲ. ಹಾಸೆಲ್‌ಕ್ವಿಸ್ಟ್ 1752ರಲ್ಲಿ ತುರ್ಕರ ಸ್ಮಿರ್ನಾದಲ್ಲಿ ತೀರಿಕೊಂಡ. ಫೋರ್ಸ್‌ಕೋಲ್ 1763ರಲ್ಲಿ ಯೆಮನ್ನಿನಲ್ಲಿ ಮಡಿದ. ಇಷ್ಟನ್ನೆಲ್ಲ ತಿಳಿದೂ 1770ರಲ್ಲಿ ಥುನ್‌ಬರ್ಗ್ ಹೊರಟ. ಆಂಸ್ಟರ್‌ಡಾಮಿನ ಸಸ್ಯಪ್ರಿಯರು ಅವನ ಪ್ರತಿಭೆಯನ್ನು ಕಂಡು ಒಂದು ಯೋಚನೆ ಮುಂದಿಟ್ಟರು: ಜಪಾನಿನ ಗಿಡಮರಗಳು ಹಾಲೆಂಡಿನ ತೋಟಗಳಿಗೆ ಬೇಕು, ನೀನು ಹೋಗಿ ತರುವೆಯಾ?

ತೊಡಕೊಂದಿತ್ತು. ಆ ಕಾಲದ ಜಪಾನು ಹೊರಗಿನವರಿಗೆ ಬಾಗಿಲು ಹಾಕಿಕೊಂಡಿದ್ದ ದೇಶ. ಯೂರೋಪಿನವರಲ್ಲಿ ಡಚ್ಚರಿಗೆ ಮಾತ್ರ, ಅದೂ ಅವರ ಈಸ್ಟ್ ಇಂಡಿಯಾ ಕಂಪೆನಿಯ ನೌಕರರಿಗೆ ಮಾತ್ರ, ಪ್ರವೇಶ. ಅಂದಮೇಲೆ ಸ್ವೀಡಿಷನು ಡಚ್ಚನಾಗಬೇಕು. ಇದಕ್ಕಾಗಿ ಆತ ಹಡಗಿನ ವೈದ್ಯನಾಗಿ ಕಂಪೆನಿಗೆ ಸೇರಿ, ದಕ್ಷಿಣ ಆಫ್ರಿಕದ ಕೇಪ್ ವಸಾಹತಿನಲ್ಲಿ 1772ರಿಂದ 1775ರವರೆಗೆ ಮೂರು ವರ್ಷ ನೆಲೆಸಿ ಡಚ್ ಭಾಷೆಯನ್ನು ನಾಲಗೆಗೆ ಪಳಗಿಸಿಕೊಂಡ. ಅಲ್ಲಿಗೆ ಹೋಗುವ ದಾರಿಯಲ್ಲಿಯೇ ಸಾಯಬೇಕಾಗಿತ್ತು. ಹಡಗಿನಲ್ಲಿ ಹಿಟ್ಟಿನ ಬದಲು ಬಣ್ಣಕ್ಕೆ ಬೆರೆಸುವ ಬಿಳಿಯ ಸೀಸದ ಪುಡಿಯನ್ನು ಕಲಸಿ ದೋಸೆ ಹುಯ್ದುಬಿಟ್ಟರು; ತಿಂದವರೆಲ್ಲ ಹಾಸಿಗೆ ಹಿಡಿದರು, ವೈದ್ಯನೂ ಸೇರಿ! ಕೇಪಿನ ಒಳನಾಡಿನಲ್ಲಿ ಎತ್ತಿನ ಬಂಡಿ ಕಟ್ಟಿಕೊಂಡು ಮೂರು ಸಲ ದೀರ್ಘಪ್ರಯಾಣ ಮಾಡಿದ. ಕಾಡೆಮ್ಮೆಯೊಂದು ಸಂಗಡದ ಕುದುರೆಗಳನ್ನು ಇರಿದು ಕೊಂದದ್ದು, ನೀರಾನೆಯ ಮಡುವಿಗೆ ಇವನೇ ಕುದುರೆಸಹಿತ ಬಿದ್ದದ್ದು, ಇಂಥವು ಅವನ ಪ್ರವಾಸಗ್ರಂಥದಲ್ಲಿ ಬೇಕಾದಷ್ಟಿವೆ. ಓದಲು ರೋಚಕವೇ. ಆದರೆ ನನ್ನ ಮನಸ್ಸು ನಿಂತದ್ದು ಅಲ್ಲಲ್ಲ. ಅದಾದ ಮೇಲಿನ, ಯಾವ ಕಾಡುಮೃಗವೂ ಇಲ್ಲದ, ನಾಲ್ಕು ಎಕರೆಗೂ ಕಡಿಮೆಯಾದ ಒಂದು ಜಾಗದಲ್ಲಿ.

ಆ ಜಾಗದ ಹೆಸರು ದೇಜಿಮ. ನಾಗಸಾಕಿಯ ಬಂದರಿನಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ಬೀಸಣಿಗೆಯ ಆಕಾರದಲ್ಲಿ ಕಟ್ಟಿದ ಕೃತಕ ದ್ವೀಪ. ಊರಿಗೂ ಅದಕ್ಕೂ ಒಂದೇ ಸೇತುವೆ, ಸೇತುವೆಗೆ ಕಾವಲಿನ ಬಾಗಿಲು. 1641ರಿಂದ ಡಚ್ಚರನ್ನು ಇಲ್ಲಿಯೇ ಇರಿಸಿದ್ದರು. 1775ರ ಆಗಸ್ಟಿನಲ್ಲಿ ಥುನ್‌ಬರ್ಗ್ ಅಲ್ಲಿಗೆ ವೈದ್ಯನಾಗಿ ಬಂದಿಳಿದ. ಹಡಗು ಬಂದರಿಗೆ ಬರುತ್ತಲೇ ಎಲ್ಲರ ಬೈಬಲ್ಲು, ಪ್ರಾರ್ಥನೆಯ ಪುಸ್ತಕಗಳನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿ ಮೊಳೆ ಹೊಡೆದು ಜಪಾನೀ ಅಧಿಕಾರಿಗಳಿಗೆ ಒಪ್ಪಿಸಿದರು. ಹೊರಡುವ ದಿನವೇ ಅವು ಮರಳಿ ಕೈಸೇರುವುದು. ಆಮೇಲೆ ಶೋಧನೆ. ಗಿಣ್ಣಿನ ಗಟ್ಟಿಗಳನ್ನು ಚುಚ್ಚಿ ನೋಡಿದರು. ಕೆಲವು ಮೊಟ್ಟೆಗಳನ್ನು ಒಡೆದೂ ನೋಡಿದರು.

ಇಷ್ಟು ಕಟ್ಟುನಿಟ್ಟು ಏಕೆಂದು ಕೇಳಿದರೆ ಅವನೇ ಒಂದು ತಮಾಷೆಯ ಸಂಗತಿ ಹೇಳುತ್ತಾನೆ. ಹಿಂದೆ ಹಡಗಿನ ಕಪ್ತಾನನನ್ನು ಮುಟ್ಟಿ ಶೋಧಿಸುವ ಪದ್ಧತಿ ಇರಲಿಲ್ಲ. ಆದ್ದರಿಂದ ಕಪ್ತಾನರು ದೊಗಳೆ ರೇಷ್ಮೆಯ ನಿಲುವಂಗಿ ತೊಟ್ಟು, ಹೊಟ್ಟೆಗೆ ಮೆತ್ತೆ ಕಟ್ಟಿಕೊಂಡು, ಅದರ ಒಳಗೆಲ್ಲ ಕಳ್ಳಸರಕು ತುಂಬಿಕೊಂಡು, ಇಬ್ಬರು ನಾವಿಕರ ಹೆಗಲ ಮೇಲೆ ಭಾರ ಹಾಕಿ ದಿನಕ್ಕೆ ಮೂರು ಬಾರಿ ದಡಕ್ಕೆ ಬರುತ್ತಿದ್ದರು. ಆ ವರ್ಷ ಬಂದ ಹೊಸ ಅಪ್ಪಣೆಯಂತೆ ಕಪ್ತಾನನನ್ನೂ ಶೋಧಿಸಬೇಕಾಯಿತು. ಬಡಕಲು ಕಪ್ತಾನನನ್ನು ಕಂಡು ಜಪಾನಿನವರಿಗೆ ಆಶ್ಚರ್ಯವೋ ಆಶ್ಚರ್ಯ. ಡಚ್ ಕಪ್ತಾನರೆಲ್ಲ ಹುಟ್ಟಾ ದಪ್ಪನೆಯ ಜನವೆಂದೇ ಅವರು ಅಷ್ಟುಕಾಲ ನಂಬಿದ್ದರು!

ಹಡಗುಗಳು ಬರುತ್ತಿದ್ದುದು ಬೇಸಿಗೆಯ ಕೊನೆಗೆ, ಹಿಂದಿರುಗುತ್ತಿದ್ದುದು ಚಳಿಯ ಮೊದಲಿಗೆ. ಅವು ಹೋದಮೇಲೆ ದ್ವೀಪದಲ್ಲಿ ಉಳಿಯುವವರು ಹತ್ತು ಹದಿನೈದು ಮಂದಿ ಯೂರೋಪಿಯನ್ನರು, ಅವರ ಸೇವೆಗೆಂದು ಪೂರ್ವದ ದ್ವೀಪಗಳಿಂದ ತಂದ ಗುಲಾಮರು. ಈ ಗುಲಾಮರ ವ್ಯಾಪಾರ ಜಪಾನೀಯರಿಗೆ ಹೇಸಿಗೆಯಾಗಿತ್ತೆಂದು ಥುನ್‌ಬರ್ಗ್ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಮುಂದಿನ ಹಡಗಿನವರೆಗೆ ಹೊರಲೋಕದ ಸುದ್ದಿಯಿಲ್ಲ, ಮನೆಯ ಕಾಗದವಿಲ್ಲ. ಸಂಜೆ ಇರುವ ಬೀದಿಯಲ್ಲಿಯೇ ಅತ್ತಿಂದಿತ್ತ ನಾಲ್ಕು ಸಲ ತಿರುಗಾಟ, ಆಮೇಲೆ ಮುಖ್ಯಾಧಿಕಾರಿಯ ಮನೆಯಲ್ಲಿ ಕುಳಿತು ಹೊಗೆಸೊಪ್ಪಿನ ಕೊಳವೆ ಸೇದುವುದು, ಮಲಗುವುದು. ಸೇತುವೆಯ ಆಚೆ ಇಡೀ ಬೆಟ್ಟಸಾಲು ಕಣ್ಣಿಗೆ ಕಾಣುತ್ತಿದೆ, ಅದರ ಒಂದು ಎಲೆಯನ್ನೂ ಮುಟ್ಟುವಂತಿಲ್ಲ. ಮೂರು ವರ್ಷ ಕಾದು, ಭಾಷೆ ಕಲಿತು, ಹೆಸರು ಮರೆಸಿ ಬಂದವನಿಗೆ ಇದು ಹೇಗಿದ್ದಿರಬೇಕು!

ಆಗ ಆತ ಮಾಡಿದ್ದನ್ನು ಓದಿ ನಾನು ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ದ್ವೀಪದಲ್ಲಿ ಸಾಕಿದ್ದ ದನಗಳಿಗೆ, ಆಡುಗಳಿಗೆ ಊರಿನಿಂದ ದಿನವೂ ಮೇವು ಬರುತ್ತಿತ್ತು. ಆ ಹಸಿಹುಲ್ಲಿನ ಹೊರೆಯನ್ನು ಬಿಚ್ಚಿ, ದನ ಬಾಯಿ ಹಾಕುವ ಮೊದಲು ಒಂದೊಂದೇ ಎಳೆ ಬಿಡಿಸಿ, ಹೂವು ಕಾಯಿ ಇದ್ದುದನ್ನು ಆರಿಸಿ ಕಾಗದದ ನಡುವೆ ಇಟ್ಟು ಒಣಗಿಸಿದ. ಜಪಾನಿನ ಸಸ್ಯಗಳನ್ನು ಕುರಿತ ಅವನ ಪ್ರಖ್ಯಾತ ಗ್ರಂಥದ ಆರಂಭ ಆ ಕೊಟ್ಟಿಗೆಯ ಮುಂದೆ! ನಾವು ಸೌಕರ್ಯವಿಲ್ಲ, ಪ್ರಯೋಗಶಾಲೆಯಿಲ್ಲವೆಂದು ಎಷ್ಟು ಸಲ ಹೇಳಿಲ್ಲ? ನಾನಂತೂ ಹೇಳಿದ್ದೇನೆ.

ಎರಡನೆಯ ದಾರಿ ದುಭಾಷಿಗಳದು. ಡಚ್ ಬಲ್ಲ ಜಪಾನೀ ದುಭಾಷಿಗಳು ವಂಶಪಾರಂಪರ್ಯದ ಸರ್ಕಾರಿ ನೌಕರರು; ಅವರಲ್ಲಿ ಅನೇಕರಿಗೆ ವೈದ್ಯದಲ್ಲಿ ಆಸಕ್ತಿ. ಪರಂಗಿಹುಣ್ಣು ಆಗ ಆ ನಾಡನ್ನು ಹಿಂಡುತ್ತಿದ್ದ ರೋಗ. ಪಾದರಸದ ಲವಣವನ್ನು ನೀರಿನಲ್ಲಿ ಕರಗಿಸಿ ಅಳತೆಯಿಂದ ಕೊಡುವ ಚಿಕಿತ್ಸೆಯನ್ನು ಥುನ್‌ಬರ್ಗ್ ಅವರಿಗೆ ಕಲಿಸಿದ. ಪ್ರತಿಯಾಗಿ ಅವರು ಗಿಡ, ಬೀಜ, ನಾಣ್ಯ, ಮಾತಿನ ಅರ್ಥಗಳನ್ನು ತಂದುಕೊಟ್ಟರು. ಪಾದರಸವೇ ವಿಷವೆಂಬುದು ಇಂದು ನಮಗೆ ಗೊತ್ತು. ಅಂದಿಗೆ ಅದಕ್ಕಿಂತ ಉತ್ತಮವಾದ ಮದ್ದು ಯೂರೋಪಿನಲ್ಲಿಯೂ ಇರಲಿಲ್ಲ. ಮದ್ದಿನ ಮಾತು ಇರಲಿ. ಈ ಕೊಡುಕೊಳೆಯಲ್ಲಿ ಹೆಚ್ಚು ಪಣವೊಡ್ಡಿದವರು ಯಾರು? ಪರದೇಶದವನಿಗೆ ನಕಾಶೆ ಕೊಡುವುದು ಘೋರಾಪರಾಧ. ಆದರೂ ನಕಾಶೆಗಳು ಅವನ ಕೈಸೇರಿದವು. ಸಿಕ್ಕಿಬಿದ್ದರೆ ಥುನ್‌ಬರ್ಗನನ್ನು ಹಡಗಿಗೆ ಹತ್ತಿಸಿ ಕಳುಹಿಸುತ್ತಿದ್ದರು. ಕೊಟ್ಟವನಿಗೆ ಹತ್ತಲು ಹಡಗು ಇರಲಿಲ್ಲ.

ಬೆಟ್ಟಕ್ಕೆ ಹೋಗಲು ಅನುಮತಿ ಬೇಡಿದ ಕಥೆಯನ್ನು ಸರ್ಕಾರಿ ಕಚೇರಿಗಳಿಗೆ ಅಲೆದ ಯಾರಾದರೂ ನೆಮ್ಮದಿಯಿಂದ ಕೇಳಬಹುದು. ಅಪ್ಪಣೆ ಸಿಕ್ಕಿತು. ಕೂಡಲೇ ರದ್ದಾಯಿತು. ಹಳೆಯ ದಾಖಲೆ ತೆಗೆದು ನೋಡಲಾಗಿ, ಹಿಂದೊಮ್ಮೆ ಹೀಗೆ ಮೂಲಿಕೆ ಹುಡುಕಲು ಹೋಗಿದ್ದವನು ಉಪವೈದ್ಯ, ಅರ್ಜಿದಾರನಾದರೋ ಮುಖ್ಯವೈದ್ಯ. ಮುಖ್ಯವೈದ್ಯನಿಗೆ ಕೊಟ್ಟ ಪೂರ್ವನಿದರ್ಶನವಿಲ್ಲ! ಉಪವೈದ್ಯನಾದವನೇ ಮುಂದೆ ಮುಖ್ಯವೈದ್ಯನಾಗುವುದು, ಎರಡಕ್ಕೂ ಅಂಥ ಅಂತರವಿಲ್ಲವೆಂದು ತಿಳಿಯಹೇಳಿ ಒಪ್ಪಿಸುವಷ್ಟರಲ್ಲಿ ತಿಂಗಳುಗಳು ಕಳೆದವು. ಅಂತೂ 1776ರ ಆರಂಭದಲ್ಲಿ ಸೇತುವೆ ದಾಟಿದ. ಜೊತೆಗೆ ದುಭಾಷಿಗಳು, ಅಧಿಕಾರಿಗಳು, ಅವರ ಆಳುಗಳ ಒಂದು ದಿಬ್ಬಣ. ಇವನು ಗುಡ್ಡ ಹತ್ತಿದರೆ ಅವರೆಲ್ಲ ಏದುಸಿರು ಬಿಡುತ್ತ ಹಿಂದೆ. ಇಳಿದಮೇಲೆ ಛತ್ರದಲ್ಲಿ ಎಲ್ಲರ ಉಪಚಾರದ ಖರ್ಚು ಇವನ ತಲೆಗೆ.

ಆ ವರ್ಷ ಮಾರ್ಚಿಯಲ್ಲಿ ರಾಜಧಾನಿ ಎದೋಗೆ ಪ್ರಯಾಣ. ಇಂದಿನ ಟೋಕಿಯೋ ಅದೇ. ದೇಜಿಮದ ಮುಖ್ಯಾಧಿಕಾರಿ ಷೋಗನ್ನರಿಗೆ ಕಾಣಿಕೆ ಒಪ್ಪಿಸಿ ಬರಬೇಕೆಂಬುದು ಕಟ್ಟಳೆ. ವೈದ್ಯನೂ ಕಾರ್ಯದರ್ಶಿಯೂ ಅವನೊಡನೆ. ಯೂರೋಪಿಯನ್ನರು ಮೂವರು, ಸಂಗಡ ಸುಮಾರು ಇನ್ನೂರು ಜಪಾನೀಯರು. ಪಲ್ಲಕ್ಕಿಯೊಳಗೆ ಕುಳಿತು ಕಿಟಕಿಯಿಂದ ದೇಶ ನೋಡುವ ಯಾತ್ರೆ. ರಸ್ತೆಗಳ ಅಚ್ಚುಕಟ್ಟು, ದೂರ ತಿಳಿಸುವ ಗುರುತುಗಳು, ಹೋಗುವವರೂ ಬರುವವರೂ ತಮ್ಮತಮ್ಮ ಪಕ್ಕ ಹಿಡಿದು ನಡೆಯುವ ಶಿಸ್ತು ಅವನನ್ನು ಬೆರಗುಗೊಳಿಸಿದವು. ಹಳ್ಳಿಗಳ ಅಂಚಿನ ಮಲಗೊಬ್ಬರದ ನಾತ ಅಷ್ಟೇ ಕಾಡಿತು. ಹೊಲಗಳನ್ನು ಕಂಡು ಮಾತ್ರ ಅವನ ಎದೆ ಕುಸಿಯಿತು: ರೈತರು ಕಳೆಯೆಂಬುದೇ ಇಲ್ಲದಂತೆ ಕಿತ್ತು ಬಿಸುಟಿದ್ದರು! ಬೇರೆ ಯಾರೇ ಆಗಿದ್ದರೂ ಹೊಗಳಿ ಮುಂದೆ ಹೋಗುತ್ತಿದ್ದರು. ಕಾಡುಗಿಡಕ್ಕಾಗಿ ಅರ್ಧ ಭೂಮಂಡಲ ಸುತ್ತಿ ಬಂದವನಿಗೆ ಆ ಒಕ್ಕಲುತನದ ನೈಪುಣ್ಯವೇ ಶತ್ರುವಾಯಿತು. ಹಕೋನೆಯ ಕಣಿವೆ ಹತ್ತುವಾಗ ಮಾತ್ರ ಪಲ್ಲಕ್ಕಿಯಿಂದ ಇಳಿದು ನಡೆಯುವ ಸ್ವಾತಂತ್ರ್ಯ. ಕಾವಲಿನವರ ಕಾಲು ಸೋಲುವಂತೆ ಮುಂದೋಡಿ ಪೊದೆಪೊದೆಯನ್ನೂ ತಡಕಿದ. ಹಿಂದಿರುಗುವಾಗ ಒಸಾಕದಲ್ಲಿ ಕುಂಡದ ಗಿಡಗಳನ್ನು ಕೊಂಡು ಹಾಲೆಂಡಿನ ತೋಟಕ್ಕೆಂದು ಸಾಗಿಸಿದ.

ಷೋಗನ್ ಇಯೆಹಾರು ಅವರ ದರ್ಶನ ಮೇ ತಿಂಗಳಲ್ಲಿ ನಡೆಯಿತು. ಅದರಲ್ಲಿ ಹೇಳಿಕೊಳ್ಳುವಂಥದು ಏನೂ ಇಲ್ಲ. ಮುಖ್ಯಾಧಿಕಾರಿ ತಲೆಬಾಗಿ ಹಿಂದೆ ಸರಿದ, ಮುಗಿಯಿತು. ಆದರೆ ಎದೋದ ಬಿಡಾರಕ್ಕೆ ದಿನವೂ ಇಬ್ಬರು ಬರುತ್ತಿದ್ದರು. ಒಬ್ಬ ಕತ್ಸುರಗಾವಾ ಹೋಶೂ, ಷೋಗನ್ನರ ವೈದ್ಯ, ಇಪ್ಪತ್ತೈದರ ಹರೆಯದವ. ಇನ್ನೊಬ್ಬ ನಕಗಾವಾ ಜುನ್‌ಅನ್. ಡಚ್ಚಿನಿಂದ ಜಪಾನಿ ಭಾಷೆಗೆ ಬಂದು 1774ರಲ್ಲಿ ಪ್ರಕಟವಾದ ಪ್ರಸಿದ್ಧ ಶರೀರಶಾಸ್ತ್ರ ಗ್ರಂಥದ ಕೆಲಸದಲ್ಲಿ ಪಾಲುಗಾರ. ಹೊತ್ತು ಮೀರುವವರೆಗೂ ಪ್ರಶ್ನೆ: ರೋಗ, ಗಿಡ, ಖನಿಜ, ಶಸ್ತ್ರಕ್ರಿಯೆ. ಆಡುವ ಭಾಷೆ ಡಚ್. ಆಡುವವರಲ್ಲಿ ಯಾರಿಗೂ ಅದು ತಾಯ್ನುಡಿಯಲ್ಲ. ಹೊರಡುವಾಗ ಅವರಿಗೆ ಕಲಿಕೆಯ ಪ್ರಮಾಣಪತ್ರ ಬರೆದುಕೊಟ್ಟ. ಅವರು ಅದನ್ನು ಬಹು ಸಂತೋಷದಿಂದ ಸ್ವೀಕರಿಸಿದರು. ಆಮೇಲೆಯೂ ಅವರು ಅವನಿಗೆ ಡಚ್ಚಿನಲ್ಲಿಯೇ ಕಾಗದ ಬರೆಯುತ್ತಿದ್ದರು. ಆ ಕಾಗದಗಳು ಉಪ್ಸಲಾದಲ್ಲಿ ಉಳಿದಿವೆ.

1776ರ ಕೊನೆಗೆ ಆತ ಜಪಾನನ್ನು ಬಿಟ್ಟ. ಜಾವಾ, ಸಿಂಹಳ ಸುತ್ತಿದ. ಸಿಂಹಳದವರೆಗೆ ಬಂದವನು ನಮ್ಮ ಘಟ್ಟವನ್ನು ನೋಡಲಿಲ್ಲ, ಮೈಸೂರಿನ ಹೆಸರು ಹೊತ್ತ ಬಳ್ಳಿಯನ್ನಂತೂ ಕಾಣಲೇ ಇಲ್ಲ. ಆ ಬಳ್ಳಿಯ ಕುಲಕ್ಕೆ ಥುನ್‌ಬರ್ಗನ ಹೆಸರಿಟ್ಟವನು 1780ರಲ್ಲಿ ರೆಟ್ಸಿಯಸ್ ಎಂಬ ಇನ್ನೊಬ್ಬ ಸ್ವೀಡಿಷ್ ವಿಜ್ಞಾನಿ. ಸಿಂಹಳದಲ್ಲಿದ್ದಾಗಲೇ, 1778ರ ಜನವರಿಯಲ್ಲಿ, ಅತ್ತ ಉಪ್ಸಲಾದಲ್ಲಿ ಗುರು ತೀರಿಕೊಂಡರು. 1779ರಲ್ಲಿ ಊರು ಸೇರಿದ ಶಿಷ್ಯನ ಗಂಟುಗಳನ್ನು ಬಿಚ್ಚಿ ನೋಡಬೇಕಾದ ಕಣ್ಣುಗಳು ಇರಲಿಲ್ಲ. ಗುರುವಿನ ಮಗನೂ ಗತಿಸಿದ ಮೇಲೆ, 1784ರಲ್ಲಿ, ಅದೇ ಪೀಠಕ್ಕೆ ಇವನೇ ಪ್ರಾಧ್ಯಾಪಕನಾದ. ಜಪಾನಿನ ಸಸ್ಯಗ್ರಂಥವೂ ಅದೇ ವರ್ಷ ಹೊರಬಂದಿತು. ಆಮೇಲೆ ನಲವತ್ತು ವರ್ಷಕ್ಕೂ ಮಿಕ್ಕ ಸುಖಜೀವನ; 1828ರ ಆಗಸ್ಟಿನಲ್ಲಿ ಮರಣ.

ದೇಜಿಮಕ್ಕೆ ಇವನ ತರುವಾಯ ಬಂದ ವೈದ್ಯರಲ್ಲಿ ಜೀಬೋಲ್ಟ್ ಎಂಬ ಜರ್ಮನನೊಬ್ಬನಿದ್ದ. ಅವನೂ ಡಚ್ಚನೆಂದೇ ಹೇಳಿಕೊಂಡು ಒಳಹೊಕ್ಕವನು. ಥುನ್‌ಬರ್ಗನ ಮೇಲಿನ ಗೌರವದಿಂದ ಆ ದ್ವೀಪದಲ್ಲಿ ಒಂದು ಸ್ಮಾರಕಶಿಲೆಯನ್ನು ನಿಲ್ಲಿಸಿದ. ಸುತ್ತಲಿನ ಸಮುದ್ರವನ್ನು ಮುಚ್ಚಿ ದೇಜಿಮವು ನಾಗಸಾಕಿ ನಗರದೊಳಗೆ ಸೇರಿಹೋದ ಮೇಲೂ ಆ ಕಲ್ಲು ಅಲ್ಲಿದೆ. ಜೀಬೋಲ್ಟನಿಗೂ ನಕಾಶೆಗಳು ಬೇಕಾಗಿದ್ದವು. 1828ರಲ್ಲಿ, ಥುನ್‌ಬರ್ಗ್ ಸತ್ತ ವರ್ಷವೇ, ಅದು ಬಯಲಾಯಿತು. ಜೀಬೋಲ್ಟನನ್ನು ದೇಶದಿಂದ ಹೊರಗಟ್ಟಿದರು. ನಕಾಶೆ ಕೊಟ್ಟ ಎದೋದ ಖಗೋಳಾಧಿಕಾರಿ ತಕಹಾಶಿ ಕಗೆಯಸು 1829ರಲ್ಲಿ ಸೆರೆಮನೆಯಲ್ಲಿಯೇ ಪ್ರಾಣಬಿಟ್ಟ. ಐವತ್ತು ವರ್ಷ ಮೊದಲು ಥುನ್‌ಬರ್ಗನಿಗೆ ನಕಾಶೆ ತಂದುಕೊಟ್ಟವರು ಎಂಥ ಕತ್ತಿಯ ಅಲಗಿನ ಮೇಲೆ ನಡೆದಿದ್ದರೆಂದು ನನಗೆ ಅರ್ಥವಾದದ್ದು ಈ ಸಂಗತಿಯನ್ನು ಓದಿದಾಗ.

ಆ ಹಿಂದಿನ ಬೆಂಚಿನ ಹುಡುಗ ಈಗ ಹೊರದೇಶದಲ್ಲಿ ಕೆಲಸಕ್ಕಿದ್ದಾನೆ. ವಿಳಾಸ ಹುಡುಕಿ, ಅವನ ಪ್ರಶ್ನೆಗೆ ಉತ್ತರವಾಗಿ ಇಷ್ಟನ್ನೂ ಬರೆದು ಕಳುಹಿಸಿದೆ. ಮರುಟಪಾಲಿನಲ್ಲಿ ಅವನ ಕಾಗದ ಬಂತು. ಪ್ರಶ್ನೆ ಕೇಳಿದ್ದು ಅವನಿಗೆ ನೆನಪಿಲ್ಲವಂತೆ. ಆದರೆ ಸಂಜೆಯ ಹೊತ್ತು ಒಂದೇ ಬೀದಿಯಲ್ಲಿ ಅತ್ತಿಂದಿತ್ತ ತಿರುಗುವ ಭಾಗವನ್ನು ಎರಡು ಸಲ ಓದಿದನಂತೆ.